ಮೂಡುಗಾಳಿ ಇರುವಷ್ಟು ಹೊತ್ತು: ಬಂದರಿನಲ್ಲಿ ಚಳಿಗಾಲದ ಕಡಲಹಕ್ಕಿಗಳ ಫೋಟೊ

ನಮ್ಮ ಪಡುಗಡಲ ಕರೆಯಲ್ಲಿ (ತೀರದಲ್ಲಿ) ಹಕ್ಕಿಯ ಫೋಟೊ ತೆಗೆಯುವವರಿಗೆ ಚಳಿಗಾಲದ ಬೆಳಗ್ಗೆ ಎರಡು ಅನುಕೂಲಗಳು ಒಟ್ಟಿಗೆ ಸಿಗುತ್ತವೆ. ಬಿಸಿಲು ಮೂಡಿನಿಂದ ಬರುತ್ತದೆ, ಗಾಳಿಯೂ ಮೂಡಿನಿಂದಲೇ ಬರುತ್ತದೆ. ರಾತ್ರಿ ತಣಿದ ನೆಲದಿಂದ ಕಡಲ ಕಡೆಗೆ ಬೀಸುವ ಈ ಗಾಳಿ ಡಿಸೆಂಬರ್, ಜನವರಿಯಲ್ಲಿ ಸಾಮಾನ್ಯವಾಗಿ ಒಂಬತ್ತು, ಹತ್ತು ಗಂಟೆಯವರೆಗೂ ಇರುತ್ತದೆ. ಹಕ್ಕಿ ಗಾಳಿಗೆ ಎದುರಾಗಿ ಏಳುತ್ತದೆ, ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಹಾಗಾಗಿ ನೆಲಕ್ಕೆ ಬೆನ್ನು ಹಾಕಿ ಕಡಲಿಗೆ ಮುಖ ಮಾಡಿ ನಿಂತರೆ ಸಾಕು, ಏಳುವ ಹಕ್ಕಿ ನಿಮ್ಮ ಕಡೆಗೇ ಬರುತ್ತದೆ. ಅದರ ಮುಖಕ್ಕೆ ಬಿಸಿಲು ಬಿದ್ದಿರುತ್ತದೆ, ಕಣ್ಣಿನಲ್ಲಿ ಹೊಳಪಿರುತ್ತದೆ. ಮಧ್ಯಾಹ್ನದ ಮೇಲೆ ಇದೆಲ್ಲ ತಿರುಗುಮುರುಗು. ಪಡುಗಾಳಿ ಶುರುವಾಗುತ್ತದೆ, ಸೂರ್ಯ ಕಡಲ ಮೇಲೆ ಬರುತ್ತಾನೆ, ಹಕ್ಕಿ ಬೆನ್ನು ತೋರಿಸಿ ಏಳುತ್ತದೆ, ಬೆಳಕು ನೇರ ಲೆನ್ಸಿಗೆ ಹೊಡೆಯುತ್ತದೆ. ಸಂಜೆ ಬಂದರಿಗೆ ಬಂದು ಕಪ್ಪು ಹಕ್ಕಿ, ಕೆಂಪು ಆಕಾಶದ ಫೋಟೊ ತೆಗೆದುಕೊಂಡು ಹೋಗುವವರು ಬಹಳ ಮಂದಿ. ಅದೂ ಚಂದವೇ. ಆದರೆ ಅದರಲ್ಲಿ ಯಾವ ಹಕ್ಕಿ ಅಂತ ಹೇಳಲಿಕ್ಕೆ ಬರುವುದಿಲ್ಲ. ನನಗೆ ಹಕ್ಕಿ ಬೇಕು.

ನಾನು ಹೊಸಂಗಡಿಯಲ್ಲಿ ಸ್ಟುಡಿಯೋ ಇಟ್ಟುಕೊಂಡವನು. ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಪಾಸ್‌ಪೋರ್ಟ್ ಸೈಜು, ಇವು ಹೊಟ್ಟೆಪಾಡು. ಧನುರ್ಮಾಸದಲ್ಲಿ ಮದುವೆಗಳಿಲ್ಲ. ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ನಮ್ಮ ಕಸುಬಿನವರಿಗೆ ಬಿಡುವು, ಕಡಲಹಕ್ಕಿಗಳು ಬಂದರಿನಲ್ಲಿ ತುಂಬಿರುವುದೂ ಆಗಲೇ. ಆ ದಿನಗಳಲ್ಲಿ ನಾನು ಮಂಜೇಶ್ವರದ ಬಂದರಿನಲ್ಲೋ, ಕಾಸರಗೋಡಿನ ಚಂದ್ರಗಿರಿ ಅಳಿವೆಯಲ್ಲೋ, ಕುಂಬಳೆಯ ಅಳಿವೆಯಲ್ಲೋ ಇರುತ್ತೇನೆ. ಸ್ಟುಡಿಯೋಕ್ಕೆ ಬರುವ ಹುಡುಗರು ಮೊದಲು ಕೇಳುವುದು ಯಾವ ಲೆನ್ಸ್ ಅಂತ. ಎಲ್ಲಿ ನಿಲ್ಲಬೇಕು, ಎಷ್ಟು ಗಂಟೆಗೆ ನಿಲ್ಲಬೇಕು ಅನ್ನುವುದು ಗೊತ್ತಾದ ಮೇಲೆ ಲೆನ್ಸಿನ ಮಾತು. ಲೆನ್ಸಿನ ಮಾತನ್ನು ಇಲ್ಲೇ ಮುಗಿಸುತ್ತೇನೆ: ಬಂದರಿನಲ್ಲಿ ಹಕ್ಕಿಗಳು ಜನರಿಗೆ ಹೊಂದಿಕೊಂಡಿರುತ್ತವೆ, 400 ಮಿ.ಮೀ. ಧಾರಾಳ ಸಾಕು. ಸಿಗ್ಮಾ, ಟ್ಯಾಮ್ರಾನ್‌ನ 150–600, ನಿಕಾನಿನ 200–500, ಯಾವುದು ಕೈಗೆ ಸಿಕ್ಕಿದರೂ ಕೆಲಸ ನಡೆಯುತ್ತದೆ. ದೋಣಿ ತೀರಾ ಹತ್ತಿರ ಬಂದಾಗ 300ಕ್ಕಿಂತ ಕೆಳಗೆ ಇಳಿಯಲು ಬರುವ ಜೂಮ್ ಇದ್ದರೆ ಒಳ್ಳೆಯದು.

ನಿಲ್ಲುವ ಜಾಗ

ಜನವರಿ ನಡುವಿನಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವಾಗ ಏಳು ಗಂಟೆ ಹತ್ತಿರ. ಆದರೆ ಮೂಡು ಕಡೆ ತೆಂಗಿನ ತೋಟ, ಅದರ ಹಿಂದೆ ಗುಡ್ಡ. ದಕ್ಕೆಯ, ಅಂದರೆ ದೋಣಿ ನಿಲ್ಲುವ ಕಟ್ಟೆಯ ಮೇಲೆ ಬಿಸಿಲು ಬೀಳುವಾಗ ಏಳೂವರೆ ಆಗುತ್ತದೆ. ಅಲ್ಲಿಂದ ಸುಮಾರು ಒಂಬತ್ತೂವರೆಯವರೆಗೆ ನಿಮ್ಮ ಸಮಯ. ಅಷ್ಟರೊಳಗೆ ಜಾಗ ಹಿಡಿದು ಕೂತಿರಬೇಕಾದರೆ ಆರೂವರೆಗೇ ತಲುಪಿ.

ಚಳಿಗಾಲದಲ್ಲಿ ಸೂರ್ಯ ನೇರ ಮೂಡಿನಲ್ಲಿ ಹುಟ್ಟುವುದಿಲ್ಲ, ತೆಂಕಿಗೆ ಸರಿದಿರುತ್ತಾನೆ. ಆದ್ದರಿಂದ ಬಂದರಿನ ತೆಂಕು-ಮೂಡು ಮೂಲೆಯಲ್ಲಿ ನಿಂತು ಬಡಗು-ಪಡುವಿಗೆ ಲೆನ್ಸ್ ತಿರುಗಿಸಿದರೆ ಬೆಳಕು ಸರಿಯಾಗಿ ಭುಜದ ಮೇಲಿನಿಂದ ಬರುತ್ತದೆ. ಕಲ್ಲಿನ ತಡೆಗೋಡೆ ಎರಡಿದ್ದರೆ ತೆಂಕಿನ ಗೋಡೆಯ ಬುಡ ನನ್ನ ಮೊದಲ ಆಯ್ಕೆ. ಗೋಡೆಯ ತುದಿಗೆ ಹೋಗಬೇಕೆಂದು ಎಲ್ಲರಿಗೂ ಆಸೆ. ತುದಿಯಲ್ಲಿ ನಿಂತರೆ ಹಕ್ಕಿಗಳು ನಿಮಗೂ ನೆಲಕ್ಕೂ ನಡುವೆ ಉಳಿಯುತ್ತವೆ, ಬೆಳಕು ಎದುರಾಗುತ್ತದೆ. ನಡೆದ ಕಷ್ಟಕ್ಕೆ ಫಲವಿಲ್ಲ.

ನಿಂತ ಮೇಲೆ ಹಿನ್ನೆಲೆ ನೋಡಿ. ದೋಣಿಗಳ ನೀಲಿ, ಹಸಿರು, ಹಳದಿ ಬಣ್ಣ ಮಸುಕಾಗಿ ಹಿಂದೆ ನಿಂತರೆ ಬಿಳಿ ಹಕ್ಕಿ ಎದ್ದು ಕಾಣುತ್ತದೆ. ಕಟ್ಟಡದ ಸಿಮೆಂಟು, ವಿದ್ಯುತ್ ಕಂಬ, ಪ್ಲಾಸ್ಟಿಕ್ ಕ್ರೇಟಿನ ರಾಶಿ ಹಿಂದೆ ಬಂದರೆ ಎರಡು ಹೆಜ್ಜೆ ಬದಿಗೆ ಸರಿದರೆ ಸಾಕು. ಆಮೇಲೆ ಕುಳಿತುಕೊಳ್ಳಿ. ನೀರಿನ ಮೇಲಿನ ಹಕ್ಕಿಯನ್ನು ನಿಂತು ತೆಗೆದರೆ ಅದು ಕೊಳಕು ನೀರಿನ ಮೇಲೆ ಅಂಟಿಸಿದ ಹಾಗೆ ಬರುತ್ತದೆ. ದೋಣಿ ಕಟ್ಟುವ ಮೆಟ್ಟಿಲ ಮೇಲೆ, ನೀರಿನಿಂದ ಎರಡಡಿ ಎತ್ತರದಲ್ಲಿ ಕೂತು ತೆಗೆದರೆ ಅದೇ ಹಕ್ಕಿಯ ಹಿಂದೆ ಅಳಿವೆ ಪೂರ್ತಿ ತೆರೆದುಕೊಳ್ಳುತ್ತದೆ.

ಒಂಬತ್ತೂವರೆ ಕಳೆದು ಕಾಂಕ್ರೀಟು, ಮರಳು ಕಾಯಲು ಶುರುವಾದರೆ ದೂರದ ಹಕ್ಕಿಯ ಅಂಚು ಕುದಿಯುವ ಹಾಗೆ ಅಲುಗುತ್ತದೆ. ಎಷ್ಟು ಬೆಲೆಬಾಳುವ ಲೆನ್ಸೂ ಇದನ್ನು ಸರಿಮಾಡುವುದಿಲ್ಲ. ಆಗ ಹತ್ತು ಮೀಟರಿನೊಳಗಿನ ಹಕ್ಕಿ ಮಾತ್ರ ತೆಗೆಯಿರಿ, ಇಲ್ಲವೇ ಚಹಾ ಕುಡಿಯಲು ಹೋಗಿ.

ದೋಣಿ ಬಂದಾಗ

ಹಕ್ಕಿಯ ದಿನಚರಿ ದೋಣಿಯ ದಿನಚರಿಗೆ ಕಟ್ಟಿಕೊಂಡಿದೆ. ರಾತ್ರಿ ಬಲೆ ಬಿಟ್ಟ ನಾಡದೋಣಿಗಳು ಬೆಳಗ್ಗೆ ಮರಳುತ್ತವೆ, ನಮಗೆ ಬೇಕಾದದ್ದು ಅವೇ. ಹಿಂದಿನ ದಿನ ಎಷ್ಟು ಹೊತ್ತಿಗೆ ಬಂದವು, ಬೂತಾಯಿ ಸಿಕ್ಕಿತೋ ಬಂಗುಡೆ ಸಿಕ್ಕಿತೋ ಎಂದು ಬಂದರಿನ ಹೋಟೆಲಿನಲ್ಲಿ ಕೇಳಿದರೆ ಗೊತ್ತಾಗುತ್ತದೆ. ಬೂತಾಯಿ, ಕೊಲ್ಲತರುವಿನಂಥ ಸಣ್ಣ ಮೀನು ಬರುವ ದಿನ ಹಕ್ಕಿ ಹೆಚ್ಚು, ಯಾಕೆಂದರೆ ಬಲೆ ಕೊಡವುವಾಗ ನೀರಿಗೆ ಬೀಳುವುದು ಹೆಚ್ಚು.

ಬಲೆ ಕೊಡವುವುದನ್ನು ಸರಿಯಾಗಿ ಗಮನಿಸಿ. ದೋಣಿ ಅಳಿವೆ ಬಾಗಿಲು ದಾಟುವಾಗಲೇ ಹಿಂದೆ ರೀವಗಳ (ಟರ್ನ್), ಕಡಲಕಾಗೆಗಳ (ಗಲ್) ಸಾಲು ಇರುತ್ತದೆ. ದಕ್ಕೆಗೆ ತಾಗುತ್ತಿದ್ದಂತೆ ಊರಕಾಗೆಗಳು ನೇರ ದೋಣಿಯೊಳಕ್ಕೇ ಇಳಿಯುತ್ತವೆ. ಗರುಡ ಮೇಲೆ ಸುತ್ತು ಹಾಕುತ್ತದೆ. ಒಬ್ಬರು ಬಲೆಯ ಒಂದು ತುದಿ, ಇನ್ನೊಬ್ಬರು ಇನ್ನೊಂದು ತುದಿ ಹಿಡಿದು ಎತ್ತಿ ಕೊಡವಿದಾಗ ಬಲೆಯ ಕಣ್ಣಿಗೆ ಸಿಕ್ಕಿದ್ದ ಮೀನು ಸಿಡಿಯುತ್ತದೆ, ಒಂದೆರಡು ನೀರಿಗೆ ಬೀಳುತ್ತವೆ. ಗರುಡ ರೆಕ್ಕೆ ಅರ್ಧ ಮಡಚಿ ಓರೆಯಾಗಿ ಜಾರುತ್ತದೆ, ಕಾಲು ಕೊನೆಯ ಕ್ಷಣದಲ್ಲಿ ಮುಂದಕ್ಕೆ ಬರುತ್ತದೆ, ಎದೆ ನೀರಿಗೆ ತಾಗುವುದಿಲ್ಲ, ಉಗುರು ಮಾತ್ರ ತಾಗುತ್ತದೆ. ಎತ್ತಿಕೊಂಡ ಮೀನನ್ನು ಹಾರುತ್ತಲೇ ಕಾಲನ್ನು ಕೊಕ್ಕಿನ ಹತ್ತಿರ ತಂದು ತಿನ್ನುತ್ತದೆ. ಹಿಡಿಯುವ ಕ್ಷಣಕ್ಕೇ ಎಲ್ಲರೂ ಬಟನ್ ಒತ್ತುತ್ತಾರೆ. ನನಗೆ ಅದಕ್ಕಿಂತ ಹಿಡಿದಾದ ಮೇಲಿನ ನಾಲ್ಕಾರು ಸೆಕೆಂಡು ಇಷ್ಟ: ತಲೆ ಬಾಗಿರುತ್ತದೆ, ಕೆಂಗಂದು ರೆಕ್ಕೆಯ ಮೇಲೆ ಬೆಳಗಿನ ಬಿಸಿಲು ಪೂರ್ತಿ ಬಿದ್ದಿರುತ್ತದೆ. ಕ್ಯಾಮೆರಾ ಕೆಳಗಿಳಿಸದೆ ಹಿಂಬಾಲಿಸಿ.

ಮೀನು ಎಸೆದು ಹಕ್ಕಿ ಕರೆಯುವುದನ್ನು ಮಾಡಬೇಡಿ. ಎಸೆದಲ್ಲಿಗೆ ಕಾಗೆ, ನಾಯಿ ಸೇರುತ್ತವೆ, ದೂರದಿಂದ ಬಂದ ಹಕ್ಕಿ ಹಿಂದೆ ಸರಿಯುತ್ತದೆ. ಅದಕ್ಕಿಂತ ಮುಖ್ಯ, ದುಡಿದು ತಂದ ಮೀನನ್ನು ಆಟಕ್ಕೆ ಬಿಸಾಡುವುದನ್ನು ಮೊಗವೀರರ ಎದುರು ಮಾಡಬಾರದು.

ಬಿಳಿ ಹಕ್ಕಿ, ಕಪ್ಪು ನೀರು

ಮದುವೆ ಫೋಟೊ ತೆಗೆದವರಿಗೆ ಇದು ಹೊಸತಲ್ಲ. ವರ ಬಿಳಿ ಪಂಚೆ, ಬಿಳಿ ಶಾಲು, ವಧು ಗಾಢ ಬಣ್ಣದ ರೇಷ್ಮೆ ಸೀರೆ. ಕ್ಯಾಮೆರಾದ ಬೆಳಕಿನ ಮೀಟರನ್ನು ನಂಬಿದರೆ ಪಂಚೆಯ ಮಡಿಕೆ ಅಳಿಸಿಹೋಗುತ್ತದೆ, ಮತ್ತೆ ಅದನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ಕಡಲಕಾಗೆಯ ಎದೆಗೂ ಅದೇ ನಿಯಮ. ಬಂದರಿನಲ್ಲಿ ಹಾರುವ ಹಕ್ಕಿಯ ಹಿನ್ನೆಲೆ ಕ್ಷಣಕ್ಕೊಂದು, ಕಪ್ಪು ನೀರು, ನೀಲಿ ದೋಣಿ, ಬೆಳ್ಳನೆ ಆಕಾಶ. ಆಟೋ ಇಟ್ಟರೆ ಕ್ಯಾಮೆರಾ ಹಿನ್ನೆಲೆಯ ಹಿಂದೆ ಓಡುತ್ತದೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಬದಲಾಗುವುದಿಲ್ಲ. ಅದಕ್ಕೇ ಚಳಿಗಾಲದ ಶುಭ್ರ ಬೆಳಗ್ಗೆ ಪೂರ್ತಿ ಮ್ಯಾನ್ಯುವಲ್ ಇಡಿ, ಐಎಸ್‌ಒ ಸಹ ನೀವೇ ಇಡಿ. ಬಿಸಿಲು ಬಿದ್ದು ಒಂದು ಗಂಟೆಯಾದ ಮೇಲೆ ಐಎಸ್‌ಒ 800, ಅಪರ್ಚರ್ ಎಫ್ 6.3, ಶಟರ್ 1/2500ರಿಂದ ಶುರುಮಾಡಿ. ಒಂದು ಬಿಳಿ ಹಕ್ಕಿಯನ್ನು ತೆಗೆದು ಪರದೆಯಲ್ಲಿ ಹೈಲೈಟ್ (ಬೆಳಕು ಅತಿಯಾದ ಬಿಳಿ ಭಾಗ) ಮಿನುಗುತ್ತದೆಯೇ ನೋಡಿ, ಮಿನುಗಿದರೆ 1/3200ಕ್ಕೆ ಏರಿಸಿ. ಸೂರ್ಯ ಏರಿದ ಹಾಗೆ ಹದಿನೈದು ನಿಮಿಷಕ್ಕೊಮ್ಮೆ ಇದೇ ಪರೀಕ್ಷೆ. ಗರುಡನ ಬೆನ್ನು ಬೇಕಾದಾಗ ಮಾತ್ರ ಅರ್ಧ ಸ್ಟಾಪ್ ಬೆಳಕು ಹೆಚ್ಚು ಕೊಡಬಹುದು, ಆದರೆ ಅದರ ತಲೆ, ಎದೆ ಬಿಳಿ ಅನ್ನುವುದನ್ನು ಮರೆಯಬೇಡಿ.

ಫೋಕಸ್ ಕಂಟಿನ್ಯುಯಸ್ ಇರಲಿ. ಹಕ್ಕಿಯ ಕಣ್ಣು ಗುರುತಿಸುವ ಹೊಸ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಸರಿ, ಹಳೆಯ ಡಿಎಸ್‌ಎಲ್‌ಆರ್ ಆದರೆ ನಡುವಿನ ಒಂಬತ್ತು ಬಿಂದುಗಳ ಗುಂಪು ಸಾಕು. ಟ್ರೈಪಾಡ್ ದಕ್ಕೆಯ ಮೇಲೆ ಬೇಡ, ಬುಟ್ಟಿ ಹೊತ್ತು ಓಡುವವರ ಕಾಲಿಗೆ ಅಡ್ಡ.

ಯಾರು ಯಾರು

ಗುಂಪಿನಲ್ಲಿ ಯಾರಿದ್ದಾರೆ ಅಂತ ಗೊತ್ತಿದ್ದರೆ ಯಾರನ್ನು ಕಾಯಬೇಕು ಅನ್ನುವುದೂ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಕಂದುತಲೆಯ ಕಡಲಕಾಗೆ, ಕರಿತಲೆಯ ಕಡಲಕಾಗೆ ಎರಡರ ತಲೆಯೂ ಬೆಳ್ಳಗೆ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ. ಬೆಳೆದ ಕಂದುತಲೆಯದರ ಕಣ್ಣು ಬೆಳ್ಳಗೆ, ರೆಕ್ಕೆಯ ಕಪ್ಪು ತುದಿಯೊಳಗೆ ಬಿಳಿ ಕಿಟಕಿ. ಕರಿತಲೆಯದರ ಕಣ್ಣು ಕಪ್ಪು, ರೆಕ್ಕೆಯ ಮುಂಚೂಣಿ ಉದ್ದಕ್ಕೂ ಬಿಳಿ ಪಟ್ಟಿ. ಕಂದುತಲೆಯವು ಲಡಾಖ್, ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ ಮರಿಮಾಡಿ ಇಲ್ಲಿಗೆ ಬರುತ್ತವೆ. ಬೂದು-ಕಪ್ಪು ಬೆನ್ನು, ಹಳದಿ ಕಾಲು, ಕೊಕ್ಕಿನಲ್ಲಿ ಕೆಂಪು ಚುಕ್ಕೆಯ ದೊಡ್ಡ ಹಕ್ಕಿ ಹ್ಯೂಗ್ಲಿನ್ಸ್ ಗಲ್, ಉತ್ತರ ರಷ್ಯಾದ ತಂಡ್ರಾದಿಂದ ಬಂದದ್ದು. ಅದರ ಮರಿ ಬೆಳೆದು ಪೂರ್ತಿ ಬಣ್ಣಕ್ಕೆ ಬರಲು ನಾಲ್ಕು ವರ್ಷ ಬೇಕು, ಹಾಗಾಗಿ ಒಂದೇ ಸಾಲಿನಲ್ಲಿ ಕಂದು ಚುಕ್ಕೆಯದು, ಅರ್ಧ ಬಿಳಿಯದು, ಪೂರ್ತಿ ಬಿಳಿಯದು ಸಿಗುತ್ತವೆ. ನಾಲ್ಕು ಪ್ರಾಯದವು ಒಂದೇ ಚೌಕಟ್ಟಿಗೆ ಬಂದರೆ ಬಿಡಬೇಡಿ. ಎಲ್ಲಕ್ಕಿಂತ ದೊಡ್ಡದು ಪಲ್ಲಾಸ್ ಗಲ್. ಹಳದಿ ಕೊಕ್ಕಿನ ತುದಿಯಲ್ಲಿ ಕೆಂಪು, ಕಪ್ಪು ಎರಡೂ ಇರುತ್ತವೆ. ಜನವರಿ ಕೊನೆಗೆ ಅದರ ತಲೆ ಕಪ್ಪಾಗಲು ಶುರು. ಕಂದುತಲೆ, ಕರಿತಲೆಯವುಗಳ ತಲೆಯ ಗಾಢ ಬಣ್ಣದ ಟೋಪಿ ಬೇಕೆಂದರೆ ಮಾರ್ಚಿನಲ್ಲಿ ಬನ್ನಿ.

ರೀವಗಳಿಗೆ ಕೊಕ್ಕು ನೋಡಿ: ದೊಡ್ಡ ಜುಟ್ಟಿನ ರೀವದ್ದು ಹಳದಿ, ಸಣ್ಣ ಜುಟ್ಟಿನದ್ದರದ್ದು ಕಿತ್ತಳೆ, ಸ್ಯಾಂಡ್‌ವಿಚ್ ಟರ್ನ್‌ದು ಕಪ್ಪು ಕೊಕ್ಕಿನ ತುದಿ ಮಾತ್ರ ಹಳದಿ, ಕ್ಯಾಸ್ಪಿಯನ್ ಟರ್ನ್‌ದು ದಪ್ಪ ಕೆಂಪು. ಜುಟ್ಟಿನ ರೀವ ಕಡಲಿಗೆ ಧುಮುಕುವುದನ್ನು ತೆಗೆಯುವುದು ಕಷ್ಟವೇ, ಆದರೆ ಅದು ಸುಮ್ಮನೆ ಧುಮುಕುವುದಿಲ್ಲ. ಹಾರಾಟ ನಿಧಾನವಾಗುತ್ತದೆ, ಕೊಕ್ಕು ಕೆಳಮುಖವಾಗುತ್ತದೆ, ಗಾಳಿಗೆದುರಾಗಿ ಒಂದು ಕ್ಷಣ ನಿಂತಲ್ಲೇ ರೆಕ್ಕೆ ಬಡಿಯುತ್ತದೆ. ಅಲ್ಲಿಯೇ ಫೋಕಸ್ ಹಿಡಿದುಕೊಳ್ಳಿ, ಬಿದ್ದಮೇಲೆ ಹುಡುಕಿದರೆ ಸಿಗುವುದಿಲ್ಲ. ನೀರಿನಿಂದ ಎದ್ದ ಹಕ್ಕಿ ನಾಲ್ಕು ಸಲ ರೆಕ್ಕೆ ಬಡಿದು, ಹಾರುತ್ತಲೇ ಮೈ ಕೊಡವುತ್ತದೆ. ಆಗ ಹನಿಗಳು ಸುತ್ತ ಚದುರುತ್ತವೆ, ಬಾಯಲ್ಲಿ ಮೀನಿರುತ್ತದೆ. 1/3200 ಇದ್ದರೆ ಒಂದೊಂದು ಹನಿಯೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ನನ್ನ ಸ್ಟುಡಿಯೋದ ಗೋಡೆಯಲ್ಲಿ ಮದುಮಕ್ಕಳ ಫೋಟೊಗಳ ನಡುವೆ ಇರುವ ಒಂದೇ ಹಕ್ಕಿಯ ಫೋಟೊ ಅಂಥದ್ದು.

ಬಂದರಿನ ಹಗ್ಗದ ಮೇಲೆ, ಮೆಟ್ಟಿಲ ಪಾಚಿಯ ಮೇಲೆ ಒಬ್ಬಂಟಿಯಾಗಿ ನಿಂತ ಕಡು ಬೂದು ಬಣ್ಣದ ಬಕ ಕಂಡರೆ ಅದು ಕರಾವಳಿಯದೇ ಬಂಡೆಬಕ, ಗಂಟಲು ಮಾತ್ರ ಬಿಳಿ. ಆಕಾಶದಲ್ಲಿ ಅಗಲ ರೆಕ್ಕೆಯನ್ನು ಮೇಲಕ್ಕೆತ್ತಿ ತೇಲುವ ಬೂದು-ಬಿಳಿ ಹದ್ದು ಬಿಳಿಹೊಟ್ಟೆಯ ಕಡಲಹದ್ದು. ಇದು ವಲಸೆಯದಲ್ಲ, ನಮ್ಮ ಕರೆಯ ಎತ್ತರದ ಮರಗಳಲ್ಲೇ ಗೂಡು ಕಟ್ಟಿ ಚಳಿಗಾಲದಲ್ಲಿ ಮರಿಮಾಡುತ್ತದೆ. ಗೂಡಿನ ಫೋಟೊ ತೆಗೆಯಬೇಡಿ, ಗೂಡಿರುವ ಜಾಗ ಯಾರಿಗೂ ಹೇಳಬೇಡಿ. ಇದನ್ನು ನಾನು ಬೇಡಿಕೊಂಡೇ ಹೇಳುತ್ತೇನೆ.

ಅಳಿವೆಯ ಮರಳಿನಲ್ಲಿ

ಕೆಸರು, ಮರಳಿನಲ್ಲಿ ನಡೆದು ಮೇಯುವ ಸಣ್ಣ ಗೊರವಗಳಿಗೆ ಬಂದರಿಗಿಂತ ಪಕ್ಕದ ಅಳಿವೆ ಒಳ್ಳೆಯದು. ನಮ್ಮಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಸಮಯ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ನೀರು ಹೆಚ್ಚು ಇಳಿಯುತ್ತದೆ, ಹೆಚ್ಚು ಏರುತ್ತದೆ. ಬೆಳಗ್ಗೆ ಎಂಟರ ಹೊತ್ತಿಗೆ ನೀರು ಏರುತ್ತಿರುವ ದಿನ ಹುಡುಕಿ. ಏರುವ ನೀರು ಹಕ್ಕಿಗಳನ್ನು ಕೆಸರಿನಿಂದ ಮರಳಿನ ಕಡೆಗೆ, ನಿಮ್ಮ ಕಡೆಗೆ ತಳ್ಳಿಕೊಂಡು ಬರುತ್ತದೆ.

ನೀವು ಮಾಡಬೇಕಾದದ್ದು ಮಲಗುವುದು. ಹಳೆಯ ಲುಂಗಿ ಹಾಸಿ, ಮೊಣಕೈ ಊರಿ, ಲೆನ್ಸ್ ಮರಳಿಗೆ ತಾಗುವಷ್ಟು ಕೆಳಗೆ. ನಿಂತ ಮನುಷ್ಯನನ್ನು ಕಂಡರೆ ಐವತ್ತು ಮೀಟರಿನಲ್ಲಿ ಓಡುವ ಸ್ಯಾಂಡರ್ಲಿಂಗ್ ಎಂಬ ಸಣ್ಣ ಗೊರವ ಮಲಗಿದವನ ಎದುರು ಆರು ಮೀಟರಿನಲ್ಲಿ ಅಲೆಯೊಂದಿಗೆ ಓಡಿಯಾಡುತ್ತದೆ. ಹೆಜ್ಜೆಹೆಜ್ಜೆಗೆ ಹತ್ತಿರ ಹೋಗುವ ಆಟ ಬೇಡ. ಗುಂಪಿನ ತಲೆಗಳೆಲ್ಲ ಒಟ್ಟಿಗೆ ಎದ್ದವೆಂದರೆ ನೀವು ಹೆಚ್ಚು ಹತ್ತಿರ ಬಂದಿದ್ದೀರಿ, ಅಲ್ಲೇ ನಿಂತುಬಿಡಿ. ಪೂರ್ತಿ ಉಬ್ಬರದಲ್ಲಿ ಒಂಟಿಕಾಲಿನಲ್ಲಿ ನಿದ್ದೆಮಾಡುವ ಗುಂಪನ್ನು ಎಬ್ಬಿಸಲೇಬಾರದು. ಸ್ಯಾಂಡರ್ಲಿಂಗ್ ಆರ್ಕ್‌ಟಿಕ್ ತಂಡ್ರಾಕ್ಕೆ ಮರಳಬೇಕು, ಆ ದಾರಿಯ ಬುತ್ತಿ ಅದರ ಮೈಮೇಲಿನ ಕೊಬ್ಬು. ನಾವು ಎಬ್ಬಿಸಿದಷ್ಟು ಸಲ ಅದು ಕರಗುತ್ತದೆ. ಗುಂಪು ಹಾರುವ ಫೋಟೊ ಬೇಕೆಂದು ಕಲ್ಲು ಎಸೆಯುವವರನ್ನು ನೋಡಿದ್ದೇನೆ. ಅಂಥವರಿಗೆ ಅಲ್ಲೇ ಹೇಳಿ, ನಾಚಿಕೆಪಡಬೇಡಿ.

ಅಳಿವೆಯ ಹೊರಗೆ, ಅಲೆ ಒಡೆಯುವ ಸಾಲಿನಾಚೆ ಬೆನ್ನಿನ ಗೂನು ಮೇಲೆ ಬಂದು ಮುಳುಗಿದರೆ ಅದು ಹಂಪ್‌ಬ್ಯಾಕ್ ಡಾಲ್ಫಿನ್. ಎದ್ದ ಜಾಗಕ್ಕೆ ಗುರಿಯಿಡಬೇಡಿ, ಹೋಗುತ್ತಿರುವ ದಿಕ್ಕಿನಲ್ಲಿ ಸ್ವಲ್ಪ ಮುಂದೆ ಕಾಯಿರಿ.

ಬಂದರಿನ ಜನ, ಬಂದರಿನ ಅಪಾಯ

ಬಂದರು ಕೆಲಸದ ಜಾಗ. ಏಲಂ ಕೂಗುವಲ್ಲಿ, ಐಸ್ ಇಳಿಸುವಲ್ಲಿ, ಹಗ್ಗ ಎಳೆಯುವಲ್ಲಿ ನಿಲ್ಲಬೇಡಿ. ಹೋದ ತಕ್ಷಣ ಕ್ಯಾಮೆರಾ ತೆಗೆಯುವ ಬದಲು ಮೊದಲು ಮಾತಾಡಿಸಿ. ಇಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ ಎಲ್ಲ ನಡೆಯುತ್ತದೆ. "ಪಕ್ಕಿಲೆನ ಫೋಟೊ ದೆಪ್ಪುನಿ ಅಣ್ಣಾ" (ಹಕ್ಕಿಗಳ ಫೋಟೊ ತೆಗೆಯುವುದು ಅಣ್ಣಾ) ಅಂತ ತುಳುವಿನಲ್ಲಿ ಅಂದರೆ ಸಾಕು, ಹಕ್ಕಿ ಎಲ್ಲಿ ಕೂರುತ್ತದೆ ಅಂತ ಅವರೇ ತೋರಿಸುತ್ತಾರೆ. ಮೀನು ಮಾರುವ ಅಕ್ಕಂದಿರ ಮುಖ ಫೋಟೊದಲ್ಲಿ ಬರುವುದಾದರೆ ಕೇಳಿಯೇ ತೆಗೆಯಿರಿ. ನಾನು ಹಕ್ಕಿಯ ಜೊತೆ ದೋಣಿಯ ಹೆಸರು ಸ್ಪಷ್ಟವಾಗಿ ಬರುವಂತೆ ಒಂದು ಫೋಟೊ ತೆಗೆದು, ಪ್ರಿಂಟ್ ಹಾಕಿ, ಲ್ಯಾಮಿನೇಟ್ ಮಾಡಿ ಕೊಡುತ್ತೇನೆ. ಕೆಲವು ಇಂಜಿನಿನ ಪಕ್ಕದಲ್ಲಿ ಅಂಟಿಕೊಂಡಿವೆ. ಅಂಥ ದೋಣಿಯವರು ಈಗ ಫೋನು ಮಾಡಿ, ಇವತ್ತು ಹಿಂದೆ ತುಂಬ ಹಕ್ಕಿ ಉಂಟು, ಬನ್ನಿ ಅನ್ನುತ್ತಾರೆ.

ತಡೆಗೋಡೆಯ ಕಲ್ಲಿನ ಕೆಳಸಾಲು ಪಾಚಿಯಿಂದ ಜಾರುತ್ತದೆ, ಒದ್ದೆ ಕಾಣುವ ಕಲ್ಲಿಗೆ ಕಾಲಿಡಬೇಡಿ. ಆಕಾಶ ತಿಳಿಯಾಗಿದ್ದರೂ ದೂರದ ಕಡಲಿನಿಂದ ದೊಡ್ಡ ಅಲೆ ಬರಬಹುದು. ಕೇರಳದಲ್ಲಿ ಕಳ್ಳಕಡಲ್ ಎನ್ನುವ ಇದಕ್ಕೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎಚ್ಚರಿಕೆ ಕೊಡುತ್ತದೆ. ಫೋನಿನಲ್ಲಿ ನೋಡಿಯೇ ಹೊರಡಿ. ಬಲೆಯಿಂದ ಬಿದ್ದ ಕಸದಲ್ಲಿ ದೋಣಿಯ ಹುಟ್ಟಿನಂತೆ ಚಪ್ಪಟೆ ಬಾಲದ ಹಾವು ಕಂಡರೆ ಅದು ಕಡಲಹಾವು, ಕಡುವಿಷ. ಸತ್ತಂತೆ ಬಿದ್ದಿದ್ದರೂ ಕೈ, ಕಾಲು, ಮೊಬೈಲು ಯಾವುದನ್ನೂ ಹತ್ತಿರ ಒಯ್ಯಬೇಡಿ. ಆಲಿವ್ ರಿಡ್ಲಿ ಕಡಲಾಮೆ ಮೊಟ್ಟೆಯಿಡಲು ಬರುವುದೂ ಇದೇ ತಿಂಗಳುಗಳಲ್ಲಿ, ರಾತ್ರಿ. ಅದಕ್ಕೆ ಫ್ಲಾಶ್ ಹೊಡೆಯುವುದೂ ಟಾರ್ಚ್ ಬಿಡುವುದೂ ಸಲ್ಲದು. ಬಲೆಗೆ ಸಿಕ್ಕಿ ಗಾಯವಾದದ್ದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ ಅದು.

ಮನೆಗೆ ಬಂದ ಮೇಲೆ

ಉಪ್ಪನ್ನು ಒಣಬಟ್ಟೆಯಿಂದ ಒರೆಸಬೇಡಿ, ಲೆನ್ಸಿಗೆ ಗೀರು ಬೀಳುತ್ತದೆ. ಮೊದಲು ಬ್ಲೋವರ್, ಆಮೇಲೆ ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಬಾಡಿ, ಲೆನ್ಸಿನ ಹೊರಮೈ, ಕೊನೆಗೆ ಗಾಜಿಗೆ ಮಾತ್ರ ಮೈಕ್ರೋಫೈಬರ್. ಲೆನ್ಸ್ ಹುಡ್ಡನ್ನು ನಲ್ಲಿ ಕೆಳಗೇ ತೊಳೆಯಬಹುದು. ಒಣಗಿದ ಮೇಲೆ ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿಡಿ. ಕಡಲ ಬದಿಯ ಮನೆಗಳಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುವುದು ಮಳೆಗಾಲದಲ್ಲಿ ಮಾತ್ರವಲ್ಲ.

ಫೋಟೊ ಆರಿಸುವಾಗ ಚಂದದ್ದನ್ನು ಮಾತ್ರ ಇಟ್ಟು ಉಳಿದದ್ದನ್ನು ಅಳಿಸುವ ಮೊದಲು ಕಾಲುಗಳನ್ನು ದೊಡ್ಡದು ಮಾಡಿ ನೋಡಿ. ಕೆಲವು ಗೊರವ, ರೀವ, ಕಡಲಕಾಗೆಗಳ ಕಾಲಿನಲ್ಲಿ ವಲಸೆಯ ದಾರಿ ತಿಳಿಯಲು ಸಂಶೋಧಕರು ತೊಡಿಸಿದ ಲೋಹದ ಬಳೆ ಅಥವಾ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಯಾವ ಕಾಲು, ಮಂಡಿಯ ಮೇಲೋ ಕೆಳಗೋ, ಯಾವ ಬಣ್ಣ, ಅಕ್ಷರ ಅಥವಾ ಅಂಕಿ ಏನು, ಇಷ್ಟನ್ನು ದಿನಾಂಕ, ಜಾಗದ ಹೆಸರಿನೊಂದಿಗೆ ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅಂದರೆ ಬಿಎನ್‌ಎಚ್‌ಎಸ್‌ಗೆ ಬರೆದು ಕಳುಹಿಸಿ. ಬಳೆ ತೊಡಿಸಿದ್ದು ಎಲ್ಲಿ, ಯಾವಾಗ ಎನ್ನುವುದನ್ನು ಹುಡುಕಲು ಅಷ್ಟು ವಿವರ ಬೇಕಾಗುತ್ತದೆ. ಉಳಿದ ಹಕ್ಕಿಗಳ ಪಟ್ಟಿಯನ್ನು ಹಕ್ಕಿ ನೋಡುವವರು ದಾಖಲೆ ಹಾಕುವ ಜಾಲತಾಣ ಇಬರ್ಡ್‌ಗೆ ಹಾಕಿ, ಮಸುಕಾದ ಫೋಟೊ ಆದರೂ ಅಡ್ಡಿಯಿಲ್ಲ, ಗುರುತಿಗೆ ಆಗುತ್ತದೆ. ಬಿಎನ್‌ಎಚ್‌ಎಸ್‌ಗೆ ಕಳುಹಿಸುವಾಗ ಮಾತ್ರ ಕತ್ತರಿಸದ ಮೂಲ ಫೈಲನ್ನೇ ಕಳುಹಿಸಿ.